ಕಾರು ಯಾವ ಹೊತ್ತಿನಲ್ಲಿ ಹಠ ಹಿಡಿಯುತ್ತದೆ?

ಗ್ಯಾರೇಜಿಗೆ ಬರುವವರು ಕಾಯಿಲೆ ಹೇಳುವುದು ಕಡಿಮೆ, ನೇರವಾಗಿ ಔಷಧಿಯನ್ನೇ ಹೇಳುತ್ತಾರೆ. "ಪಂಪ್ ಹೋಗಿದೆ, ಬದಲಾಯಿಸಿ." "ಕಾರ್ಬುರೇಟರ್ ಬಿಚ್ಚಿ ತೊಳೆಯಬೇಕಂತೆ." ಮಾತಿನ ಕೊನೆಗೆ 'ಅಂತೆ' ಬಂತೆಂದರೆ ಬೇರೆ ಯಾರೋ ಆಗಲೇ ಕೈಯಾಡಿಸಿದ್ದಾರೆ ಎಂದು ತಿಳಿದುಕೊಳ್ಳುತ್ತೇನೆ. ಚಿಕ್ಕಮಗಳೂರಿನಲ್ಲಿ ಹಳೆಯ ಕಾರುಗಳ ಕೆಲಸ ಮಾಡುವ ನಾನು ಸ್ಪ್ಯಾನರ್ ಹಿಡಿಯುವ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಹೊತ್ತಿನಲ್ಲಿ ಸ್ಟಾರ್ಟ್ ಆಗುವುದಿಲ್ಲ? ಬೆಳಗ್ಗೆ ಮೊದಲ ಸಲವೋ, ಘಾಟಿ ಹತ್ತಿ ನಿಲ್ಲಿಸಿದ ಮೇಲೋ, ಹದಿನೈದು ದಿನ ಶೆಡ್ಡಿನಲ್ಲಿ ಬಿಟ್ಟ ನಂತರವೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಆಲ್ದೂರು ಕಡೆಯ ಕಾಫಿ ಬೆಳೆಗಾರರೊಬ್ಬರ ಮಾರುತಿ 800, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಕಾಲದ್ದು. ಬೆಳಗ್ಗೆ ಅರ್ಧ ನಿಮಿಷ ಸೆಲ್ಫ್ ಹೊಡೆಯಬೇಕು, ಆಮೇಲೆ ಇಡೀ ದಿನ ಕೀ ಮುಟ್ಟಿದರೆ ಸಾಕು. ನನ್ನ ಬಳಿ ಬರುವ ಹೊತ್ತಿಗೆ ಹೊಸ ಬ್ಯಾಟರಿ, ಹೊಸ ಪ್ಲಗ್, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಹೊಸ ಪಂಪ್ ಎಲ್ಲವೂ ಬಿದ್ದಾಗಿತ್ತು. ಹಠ ಮಾತ್ರ ಹಳೆಯದೇ.

ಕಾರನ್ನು ರಾತ್ರಿ ನನ್ನಲ್ಲೇ ಬಿಟ್ಟು ಹೋಗಲು ಹೇಳಿದೆ. ತಣ್ಣನೆಯ ಎಂಜಿನ್ನಿನ ದೂರನ್ನು ಬಿಸಿ ಎಂಜಿನ್ನಿನಲ್ಲಿ ಹುಡುಕುವುದು ವ್ಯರ್ಥ. ಬೆಳಗ್ಗೆ ಸೆಲ್ಫ್ ಹೊಡೆಯುವ ಮೊದಲೇ ಏರ್ ಫಿಲ್ಟರ್ ಮುಚ್ಚಳ ತೆಗೆದು, ಕಾರ್ಬುರೇಟರಿನ ಗಂಟಲಿಗೆ ಟಾರ್ಚ್ ಹಿಡಿದು, ಆಕ್ಸಿಲರೇಟರ್ ಲಿವರನ್ನು ಕೈಯಿಂದ ಎಳೆದೆ. ಬೌಲಿನಲ್ಲಿ, ಅಂದರೆ ಕಾರ್ಬುರೇಟರಿನ ಪುಟ್ಟ ಬಟ್ಟಲಿನಲ್ಲಿ, ಪೆಟ್ರೋಲ್ ಇದ್ದರೆ ನೂಲಿನಷ್ಟು ತೆಳುವಾದ ಧಾರೆ ಚಿಮ್ಮಬೇಕು. ಒಂದು ಹನಿಯೂ ಬರಲಿಲ್ಲ.

ನಿಲ್ಲಿಸಿದ ಎಂಜಿನ್ ಆರುವಾಗ ಅದರ ಕಾವಿಗೆ ಬೌಲಿನ ಪೆಟ್ರೋಲ್ ಆವಿಯಾಗಿ ಇಳಿಯುವುದು ಸಹಜ. ಆದರೆ ಪಂಪಿನವರೆಗೆ ಪೈಪು ತುಂಬಿದ್ದರೆ ನಾಲ್ಕಾರು ಸೆಕೆಂಡುಗಳಲ್ಲಿ ಬೌಲು ಮತ್ತೆ ತುಂಬುತ್ತದೆ. ಅರ್ಧ ನಿಮಿಷ ಬೇಕಾಗುತ್ತದೆ ಎಂದರೆ ಪಂಪು ಖಾಲಿ ಪೈಪಿನಲ್ಲಿ ಗಾಳಿ ಎಳೆಯುತ್ತಾ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ತರುತ್ತಿದೆ ಎಂದರ್ಥ. ರಾತ್ರಿ ಪೈಪಿನ ಪೆಟ್ರೋಲೆಲ್ಲ ಟ್ಯಾಂಕಿಗೆ ವಾಪಸು ಇಳಿದಿದೆ. ಪಂಪಿನೊಳಗಿನ ವಾಲ್ವ್ ಸೋರಿದರೂ ಹೀಗಾಗಬಹುದು, ಆದರೆ ಪಂಪ್ ಹೊಸದು.

ನನ್ನ ಬಳಿ ಒಂದು ಗೇಣುದ್ದದ ಪಾರದರ್ಶಕ ಪೆಟ್ರೋಲ್ ಪೈಪ್ ಇದೆ. ದುಬಾರಿ ಉಪಕರಣಗಳಿಗಿಂತ ಹೆಚ್ಚು ಸತ್ಯ ಹೇಳಿದ್ದು ಅದೇ. ಅದನ್ನು ಪಂಪಿಗೆ ಪೆಟ್ರೋಲ್ ಬರುವ ಬದಿಯಲ್ಲಿ ಸೇರಿಸಿ ಸೆಲ್ಫ್ ಹೊಡೆಸಿದೆ. ಮೊದಲು ಬರಿಯ ಗಾಳಿ, ಆಮೇಲೆ ತುಂಡು ತುಂಡಾಗಿ ಪೆಟ್ರೋಲ್, ಎಂಜಿನ್ ಓಡತೊಡಗಿದ ಮೇಲೂ ಗೋಲಿ ಸೋಡಾದಲ್ಲಿ ಏಳುವಂಥ ಸಣ್ಣ ಗುಳ್ಳೆಗಳು. ಗುಳ್ಳೆಗಳ ಜಾಡು ಹಿಡಿದು ಕಾರಿನ ಕೆಳಗೆ ತೆವಳಿದರೆ, ಟ್ಯಾಂಕಿನ ಹತ್ತಿರದ ರಬ್ಬರ್ ಪೈಪಿನಲ್ಲಿ ಕ್ಲಿಪ್ಪಿನ ಅಡಿಯೇ ಕೂದಲಿನಷ್ಟು ಬಿರುಕು. ಹೊರಗೆ ಒಂದು ತೊಟ್ಟೂ ಸೋರಿರಲಿಲ್ಲ, ವಾಸನೆಯೂ ಇರಲಿಲ್ಲ.

ಎಡವುವುದು ಇಲ್ಲಿಯೇ. ಪಂಪಿನಿಂದ ಮುಂದಿನ ಪೈಪು ಒಡೆದರೆ ಪೆಟ್ರೋಲ್ ಹೊರಗೆ ಬರುತ್ತದೆ. ಪಂಪಿನ ಹಿಂದೆ ಒಡೆದರೆ ಗಾಳಿ ಒಳಗೆ ಹೋಗುತ್ತದೆ. ಎಳನೀರಿಗೆ ಹಾಕಿದ ಸ್ಟ್ರಾ ಸೀಳಿದ್ದರೆ ಎಷ್ಟು ಸೀಪಿದರೂ ಅರ್ಧ ಗಾಳಿಯೇ ಬಾಯಿಗೆ ಬರುವುದಿಲ್ಲವೇ, ಹಾಗೆ. ಎಂಜಿನ್ ಓಡುವಾಗ ಪಂಪಿಗೆ ಬೇಕಾದ್ದಕ್ಕಿಂತ ಹೆಚ್ಚು ಎಳೆಯುವ ಶಕ್ತಿ ಇರುವುದರಿಂದ ಹಗಲಿನಲ್ಲಿ ಈ ಕಳ್ಳತನ ಗೊತ್ತಾಗಲಿಲ್ಲ. ಒಂದು ಮೊಳ ಪೈಪು, ಎರಡು ಕ್ಲಿಪ್ಪು. ಕಳಚಿಟ್ಟಿದ್ದ ಹಳೆಯ ಪಂಪನ್ನು ಬೆಳೆಗಾರರು ಡಿಕ್ಕಿಯಿಂದ ತೆಗೆದು ತೋರಿಸಿದರು. ಅದು ನೆಟ್ಟಗೇ ಇತ್ತು.

ಕಾರು ಸ್ಟಾರ್ಟೇ ಆಗದಿದ್ದರೆ ದಾರಿ ಬೇರೆ. ಸೆಲ್ಫ್ ಭಾರವಾಗಿ ತಿರುಗಿದರೆ ಪೆಟ್ರೋಲಿನ ಮಾತನ್ನೇ ಎತ್ತಬೇಡಿ. ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಹತ್ತು ಸೆಕೆಂಡು ಸೆಲ್ಫ್ ಹೊಡೆದು ಒಂದು ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲ್ ಅಲ್ಲಿಯವರೆಗೆ ಬಂದಿಲ್ಲ. ಒದ್ದೆಯಾಗಿದ್ದರೆ ಬಂದಿದೆ, ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಅತಿಯಾಗಿದೆ. ಮಲೆನಾಡಿನ ಮಳೆಗಾಲದಲ್ಲಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಗೆ ತೇವ ಕೂತು ಕಿಡಿ ಸತ್ತಿರುವುದನ್ನು ಬಹಳ ನೋಡಿದ್ದೇನೆ. ಒಣ ಬಟ್ಟೆಯಲ್ಲಿ ಒರೆಸಿದರೆ ಗುಣವಾಗುವ ರೋಗಕ್ಕೆ ಕಾರ್ಬುರೇಟರ್ ಬಿಚ್ಚಿಸಿಕೊಂಡವರೂ ಇದ್ದಾರೆ. ಇಷ್ಟೆಲ್ಲ ಮಾಡುವಾಗ ಪಕ್ಕದಲ್ಲಿ ನಿಂತು ಬೀಡಿ ಸೇದುತ್ತಾ ಸಲಹೆ ಕೊಡುವವರನ್ನು ಮೊದಲು ದೂರ ಕಳುಹಿಸಿ.

ಬಿಸಿಯಾದಾಗ ಮಾತ್ರ ಕೈಕೊಡುವ ಕಾರಿನ ಕಥೆ ಬೆಟ್ಟದ ಬುಡದ ಕೈಮರದಿಂದ ಶುರುವಾಗುತ್ತದೆ. ಮುಳ್ಳಯ್ಯನಗಿರಿಯ ದಾರಿಯನ್ನು ಎರಡನೇ ಗೇರಿನಲ್ಲಿ ಹತ್ತಿ, ಮೇಲೆ ಕಾರು ನಿಲ್ಲಿಸಿ, ಹತ್ತು ನಿಮಿಷ ಫೋಟೋ ತೆಗೆದು ಬಂದರೆ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ ನಿಂತ ಕೂಡಲೇ ಫ್ಯಾನಿನ ಗಾಳಿಯೂ ಓಡುವಾಗಿನ ಗಾಳಿಯೂ ನಿಲ್ಲುತ್ತವೆ, ಬಾನೆಟ್ಟಿನೊಳಗಿನ ಕಾವು ಏರುತ್ತದೆ. ಬೌಲಿನ ಪೆಟ್ರೋಲ್ ಕುದಿದು, ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಕೊಳವೆಗೆ ತೊಟ್ಟಿಕ್ಕುತ್ತದೆ, ಪೈಪಿನಲ್ಲಿರುವುದು ಆವಿಯಾಗುತ್ತದೆ. ಸಾವಿರದ ಒಂಬೈನೂರು ಮೀಟರಿಗೂ ಮಿಕ್ಕ ಎತ್ತರದ ಆ ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಪೆಟ್ರೋಲ್ ಇನ್ನೂ ಬೇಗ ಕುದಿಯುತ್ತದೆ. ಈ ಹೊತ್ತಿನಲ್ಲಿ, ಗಾಳಿ ತಗ್ಗಿಸಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಎಳೆದು ಆಕ್ಸಿಲರೇಟರನ್ನು ತಪತಪ ತುಳಿಯುವುದು ಮುಳುಗುವವನಿಗೆ ನೀರು ಕುಡಿಸಿದಂತೆ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದು, ಮಿಸುಕದೆ ಸೆಲ್ಫ್ ಹೊಡೆಯಿರಿ. ಹೆಚ್ಚಿನ ಪೆಟ್ರೋಲ್ ಗಾಳಿಯೊಡನೆ ಹೊರಟುಹೋಗುತ್ತದೆ. ಆಗಲೂ ಆಗದಿದ್ದರೆ ಬಾನೆಟ್ ತೆರೆದು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಇನ್ನಷ್ಟು ಫೋಟೋ ತೆಗೆಯಿರಿ.

ಓಡುತ್ತಾ ಓಡುತ್ತಾ ಸೊರಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಹೊರಡುವ ಕಾರಿಗೆ ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಉಸ್' ಎಂದು ಗಾಳಿ ಒಳಗೆ ನುಗ್ಗಿದರೆ ಟ್ಯಾಂಕಿಗೆ ಉಸಿರಾಡುವ ದಾರಿ ಮುಚ್ಚಿದೆ. ಮೂಡಿಗೆರೆಯಿಂದ ಬಂದ ಒಂದು ಓಮ್ನಿಯಲ್ಲಿ ಮಳೆ ನೀರು ಇಳಿಯಬಾರದೆಂದು ಮುಚ್ಚಳದ ಅಡಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಬಿಗಿದಿದ್ದರು. ಅದಕ್ಕಾಗಿ ಎರಡು ಫಿಲ್ಟರ್ ಬದಲಾಗಿತ್ತು.

ಕಾರ್ಬುರೇಟರಿನ ಬದಲು, ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಬಂದ ಮೇಲಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಸುಮಾರು ಎರಡು ಸೆಕೆಂಡು ಗುಂಯ್ ಎನ್ನುವ ಸದ್ದು ಬರಬೇಕು. ಬರದಿದ್ದರೆ ಪಂಪಿಗೆ ಕೈ ಹಾಕುವ ಮೊದಲು ಫ್ಯೂಸು, ರಿಲೇ ನೋಡಿ. ಸದ್ದು ಬರುತ್ತದೆ, ಬೆಳಗ್ಗೆ ಮಾತ್ರ ತಡ ಎನ್ನುವುದಾದರೆ, ಸೆಲ್ಫ್ ಹೊಡೆಯದೆ ಕೀಯನ್ನು ಎರಡು ಮೂರು ಸಲ ಆನ್-ಆಫ್ ಮಾಡಿ, ನಂತರ ಹೊಡೆಯಿರಿ. ಥಟ್ಟನೆ ಹಿಡಿದರೆ ರಾತ್ರಿ ಪೆಟ್ರೋಲ್ ಪೈಪಿನ ಒತ್ತಡ ಇಳಿಯುತ್ತಿದೆ. ಪಂಪಿನ ತಡೆವಾಲ್ವೋ ಇಂಜೆಕ್ಟರೋ ಸೋರುತ್ತಿದೆ. ಆಲ್ದೂರಿನ 800ರ ಕಥೆಯೇ, ವೇಷ ಬೇರೆ. ಈ ಮನೆಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಆಮೇಲೆ ಗೇಜು ಹಾಕಿ ನೋಡಿದರೆ ಸಾಮಾನ್ಯವಾಗಿ 3 ಬಾರ್ ಆಸುಪಾಸು ಇರಬೇಕಾದ ಒತ್ತಡ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಸೊನ್ನೆಗೆ ಇಳಿಯುವುದು ಕಾಣುತ್ತದೆ.

ಇನ್ನು ಎಥನಾಲ್. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ದಿನಾ ಓಡುವ ಕಾರಿಗೆ ಅಂಥ ಭಯವೇನಿಲ್ಲ. ಆದರೆ ಎಥನಾಲ್ ಆವಿಯಾಗಲು ಹೆಚ್ಚು ಶಾಖ ಬೇಕು, ಹಾಗಾಗಿ ಡಿಸೆಂಬರಿನ ಚಳಿಯಲ್ಲಿ ಹಳೆಯ ಕಾರ್ಬುರೇಟರಿಗೆ ಚೋಕ್ ಮೊದಲಿಗಿಂತ ಹೆಚ್ಚು ಬೇಕಾಗುತ್ತದೆ. ಆ ಕಾಲದ ರಬ್ಬರ್ ಪೈಪು, ಪಂಪಿನೊಳಗಿನ ಪೊರೆಯಂಥ ಡಯಾಫ್ರಮ್‌ಗಳು ಇದಕ್ಕಾಗಿ ಮಾಡಿದವಲ್ಲ, ಉಬ್ಬುತ್ತವೆ, ಸೀಳುತ್ತವೆ. ಹೊಸ ಪೈಪ್ ಕೊಳ್ಳುವಾಗ ಎಥನಾಲ್ ತಡೆಯುವುದನ್ನೇ ಕೇಳಿ ಕೊಳ್ಳಿ. ಎಂಜಿನ್ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತೆಗೆದು ಮೂಸುವುದನ್ನೂ ರೂಢಿ ಮಾಡಿಕೊಳ್ಳಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದು ಮಟ್ಟವೂ ಏರಿದ್ದರೆ ಪಂಪಿನ ಡಯಾಫ್ರಮ್ ಹರಿದಿರಬಹುದು. ಆ ಆಯಿಲ್‌ನಲ್ಲಿ ಕಾರು ಓಡಿಸಬೇಡಿ.

ನಿಜವಾದ ತೊಂದರೆ ತೋಟದ ಶೆಡ್ಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲು ಟ್ಯಾಂಕು ಪೆಟ್ರೋಲಿನೊಂದಿಗೆ ನಿಲ್ಲುವ ಕಾರುಗಳದ್ದು. ಖಾಲಿ ಮುಕ್ಕಾಲು ಟ್ಯಾಂಕಿನಲ್ಲಿ ಇರುವುದು ನಮ್ಮ ಮಳೆಗಾಲದ ಗಾಳಿ. ಅದರ ತೇವವನ್ನು ಎಥನಾಲ್ ಹೀರಿಕೊಳ್ಳುತ್ತದೆ, ಮುಚ್ಚಳದ ಸುತ್ತಿನಿಂದ ಇಳಿದ ನೀರೂ ಸೇರಿದರೆ ಒಂದು ಹಂತದಲ್ಲಿ ಎಥನಾಲ್ ಮತ್ತು ನೀರು ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ತಳದಿಂದಲೇ. ಅಂಥ ಕಾರು ಬಂದರೆ ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಯಷ್ಟು ಹಿಡಿದು ರಾತ್ರಿ ಹೊರಗಿಟ್ಟು, ಬೆಳಗ್ಗೆ ಮಾಲೀಕರ ಕೈಗೇ ಕೊಡುತ್ತೇನೆ. ಬೆಳಕಿಗೆ ಹಿಡಿದಾಗ ಮಧ್ಯದಲ್ಲಿ ಗೆರೆ ಎಳೆದಂತೆ ಎರಡು ಪದರ ಕಂಡರೆ, ಮೇಲೆ ಹೊಸ ಪೆಟ್ರೋಲ್ ಸುರಿದು ಪ್ರಯೋಜನವಿಲ್ಲ; ಟ್ಯಾಂಕು ಇಳಿಸಿ ತೊಳೆಯಲೇಬೇಕು.