ನಾವು ‘ಬ್ರೇಕ್ ಡ್ಯಾನ್ಸ್’ ಅಂದಿದ್ದು ಯಾವುದಕ್ಕೆ?

ಗಣೇಶನ ಪೆಂಡಾಲ್ ಮುಂದೆ ಹುಡುಗನೊಬ್ಬ ಎರಡೂ ಕೈಯನ್ನು ಅಲೆ ಥರ ಆಡಿಸಿ, ರೋಬೋ ಹಾಗೆ ಟಕ್ ಅಂತ ನಿಂತರೆ ಸಾಕು, 90ರ ದಶಕದಲ್ಲಿ ಅದೇ ‘ಬ್ರೇಕ್ ಡ್ಯಾನ್ಸ್’. ಮೈ ಮುರಿದ ಹಾಗೆ ಕುಣಿಯುತ್ತಾರೆ, ಅದಕ್ಕೇ ಆ ಹೆಸರು ಅಂತ ನಾನೂ ನಂಬಿದ್ದೆ. ಎರಡೂ ತಪ್ಪು.

ಬ್ರೇಕ್ ಇರುವುದು ಹಾಡಿನಲ್ಲಿ. ಗಾಯನ ನಿಂತು ಡ್ರಮ್ ಅಬ್ಬರ ಮಾತ್ರ ಉಳಿಯುವ ಕೆಲವೇ ಸೆಕೆಂಡಿನ ತುಣುಕು ಅದು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಪಾರ್ಟಿ ಇಟ್ಟುಕೊಂಡಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು, ಅಷ್ಟೇ! ರೆಕಾರ್ಡ್ ಹಾಕಲು ನಿಂತವನು ಅವಳ ಅಣ್ಣ, ಜಮೈಕಾದಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್. ಜನ ಆ ಡ್ರಮ್ ತುಣುಕಿಗಾಗಿಯೇ ಕಾಯುವುದನ್ನು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಶುರು ಮಾಡುವುದು ಅವನ ಉಪಾಯ. ಸೆಕೆಂಡುಗಳ ಬ್ರೇಕ್ ನಿಮಿಷಗಟ್ಟಲೆ ಬೆಳೆಯಿತು. ಆ ಹೊತ್ತಿನಲ್ಲಿ ಮುಂದೆ ಬಂದು ಕುಣಿದವರೇ ಬಿ-ಬಾಯ್‌ಗಳು, ಅಂದರೆ ‘ಬ್ರೇಕ್’ ಬಾಯ್‌ಗಳು. ನೆಲಕ್ಕೆ ಕೈಯೂರಿ ಕಾಲು ಬೀಸುವುದು, ತಲೆಯ ಮೇಲೆ ಬುಗುರಿ ಹಾಗೆ ತಿರುಗುವುದು ಅವರ ಕಡೆಯಿಂದ ಬಂದದ್ದು. ಅದರ ಹೆಸರು ‘ಬ್ರೇಕಿಂಗ್’.

ಹಾಗಾದರೆ ನಮ್ಮ ಪೆಂಡಾಲಿನ ಅಲೆ, ರೋಬೋ? ಅವು ಅಮೆರಿಕದ ಇನ್ನೊಂದು ತುದಿಯವು. ಸ್ನಾಯುವನ್ನು ಫಕ್ಕನೆ ಬಿಗಿದು ಸಡಿಲಿಸುವ ‘ಪಾಪಿಂಗ್’ 70ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದದ್ದು. 1983ರಲ್ಲಿ ಮೈಕಲ್ ಜಾಕ್ಸನ್ ಟೀವಿಯಲ್ಲಿ ಮೂನ್‌ವಾಕ್ ಮಾಡಿದಾಗ ಜಗತ್ತೇ ಬಾಯಿ ಬಿಟ್ಟಿತು. ಆದರೆ ಹಾಗೆ ಹಿಂದಕ್ಕೆ ಜಾರುವ ಹೆಜ್ಜೆಯನ್ನು ಬಿಲ್ ಬೈಲಿ ಎಂಬ ಟ್ಯಾಪ್ ಕಲಾವಿದ 50ರ ದಶಕದಲ್ಲೇ ಹಾಕಿದ್ದ. ಸಿನಿಮಾ, ಟೀವಿಗೆ ಇಷ್ಟೆಲ್ಲಾ ವ್ಯತ್ಯಾಸ ಯಾಕೆ ಬೇಕು? ಎಲ್ಲವನ್ನೂ ಒಂದೇ ಗಂಟು ಕಟ್ಟಿ ‘ಬ್ರೇಕ್ ಡ್ಯಾನ್ಸ್’ ಅಂದುಬಿಟ್ಟವು. ನಮಗೂ ಗಂಟೇ ಬಂತು.

ಗಂಟು ಬಿಚ್ಚುವ ಗೋಜಿಗೆ ಇಲ್ಲಿ ಯಾರೂ ಹೋಗಲಿಲ್ಲ. ಮೂಗೂರು ಸುಂದರ್ ಅವರ ಮಗ, ಮೈಸೂರಿನಲ್ಲಿ ಹುಟ್ಟಿದ, ಭರತನಾಟ್ಯವನ್ನೂ ಕಲಿತ ಪ್ರಭುದೇವ ತೆರೆಯ ಮೇಲೆ ಕುಣಿದಾಗ ‘ಇವನಿಗೆ ಮೂಳೆ ಇಲ್ವಾ’ ಅಂತ ಬೆರಗಾದೆವೇ ಹೊರತು ಯಾವುದು ಪಾಪಿಂಗ್, ಯಾವುದು ಬ್ರೇಕಿಂಗ್ ಅಂತ ಲೆಕ್ಕ ಹಾಕಲಿಲ್ಲ. ಹಾಕಿದ್ದರೆ ಮಜಾ ಕೆಡುತ್ತಿತ್ತೇನೋ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಮುಗಿಯುವ ರಾತ್ರಿ ಬ್ರೇಕ್ ಡ್ಯಾನ್ಸರ್‌ಗಳು ಮೈದಾನ ತುಂಬಿ ಕುಣಿದರು, ಸುಮ್ನೆ ಮನರಂಜನೆಗೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ಪದಕದ ಆಟವಾಯಿತು. ಹಾಡು ಯಾವುದೆಂದು ಡಿಜೆ ಹಾಕುವ ತನಕ ಕುಣಿಯುವವರಿಗೆ ಗೊತ್ತಿರಲಿಲ್ಲ. ಜಪಾನಿನ ಆಮಿ, ಕೆನಡಾದ ಫಿಲ್ ವಿಜರ್ಡ್ ಚಿನ್ನ ಗೆದ್ದರು. 2028ರ ಒಲಿಂಪಿಕ್ಸ್ ಮತ್ತೆ ಲಾಸ್ ಏಂಜಲೀಸ್‌ನಲ್ಲೇ. ಆಟಗಳ ಪಟ್ಟಿಯಲ್ಲಿ ಬ್ರೇಕಿಂಗ್ ಇಲ್ಲ.