ಓಟಿಲ್ಲದವರ ಗ್ರಾಮಸಭೆ

ಸಕಲೇಶಪುರ ತಾಲ್ಲೂಕಿನ ಕಾಫಿ ತೋಟಗಳ ನಡುವಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿ ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳನ್ನು, ಮನೆಯಲ್ಲಿ ತಾಯಿಯೊಂದಿಗೆ ಯಾವ ಭಾಷೆಯಲ್ಲಿ ಜಗಳವಾಡುತ್ತೀರಿ ಎಂದು ಕೇಳುವುದು ನನ್ನ ರೂಢಿ. ಯಾವ ಭಾಷೆ ಮಾತನಾಡುತ್ತೀರಿ ಎಂದು ಕೇಳಿದರೆ ಎಲ್ಲರೂ ಕನ್ನಡವೆಂದೇ ಹೇಳುತ್ತಾರೆ. ಜಗಳದ ಭಾಷೆಯನ್ನು ಕೇಳಿದಾಗ ಮಾತ್ರ ತುಳು, ತಮಿಳು, ಮಲಯಾಳ, ಉರ್ದು, ಬ್ಯಾರಿ, ಕೊಂಕಣಿ ಒಂದೊಂದಾಗಿ ಹೊರಬರುತ್ತವೆ. ಘಟ್ಟದ ಕೆಳಗಿನಿಂದ, ಕೇರಳದಿಂದ, ತಮಿಳುನಾಡಿನಿಂದ ತಲೆಮಾರುಗಳ ಹಿಂದೆ ತೋಟದ ಕೆಲಸಕ್ಕೋ ವ್ಯಾಪಾರಕ್ಕೋ ಬಂದು ನೆಲೆಸಿದವರ ಮೊಮ್ಮಕ್ಕಳು ಇವರು. ಈಚಿನ ವರ್ಷಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳದ ಕಡೆಯ ಕುಟುಂಬಗಳೂ ಲೈನ್ ಮನೆಗಳಿಗೆ, ಎಂದರೆ ತೋಟದ ಕೂಲಿಕಾರರ ಸಾಲುಮನೆಗಳಿಗೆ, ಬಂದಿವೆ. ಅವರಲ್ಲಿ ಹಣ್ಣು ಕೊಯ್ಲು ಮುಗಿಸಿ ಹೊರಟುಹೋಗುವವರಿದ್ದಾರೆ, ಇಲ್ಲಿಯೇ ಉಳಿದು ಮಕ್ಕಳನ್ನು ಶಾಲೆಗೆ ಸೇರಿಸಿದವರೂ ಇದ್ದಾರೆ. ಇಂಥ ತರಗತಿಯಲ್ಲಿ ಪೌರತ್ವವನ್ನು ಕಲಿಸುವ ಬಗೆಯನ್ನು ನಾನು ತರಬೇತಿಯ ದಿನಗಳಲ್ಲಿ ಕಲಿಯಲಿಲ್ಲ. ಮಕ್ಕಳಿಂದ ಕಲಿತೆ, ಅದರಲ್ಲೂ ನಾನೇ ಮಾಡಿದ ಒಂದು ತಪ್ಪಿನಿಂದ ಕಲಿತೆ.

ಕೆಲವು ವರ್ಷಗಳ ಹಿಂದೆ ಗಣರಾಜ್ಯೋತ್ಸವಕ್ಕೆ ‘ವಿವಿಧತೆಯಲ್ಲಿ ಏಕತೆ’ ಎಂಬ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಒಬ್ಬೊಬ್ಬರು ಒಂದೊಂದು ರಾಜ್ಯದ ಉಡುಗೆ ತೊಟ್ಟು ವೇದಿಕೆಯ ಮೇಲೆ ಸಾಲಾಗಿ ನಿಲ್ಲಬೇಕಿತ್ತು. ಅಸ್ಸಾಮಿನಿಂದ ಬಂದ ಕುಟುಂಬದ ಹುಡುಗಿಯೊಬ್ಬಳಿಗೆ, ನಿಮ್ಮ ಕಡೆಯ ಮೇಖಲಾ ಚಾದರ್ ಉಟ್ಟುಕೊಂಡು ಬಾ ಎಂದೆ. ಅವಳು ತಲೆಯಾಡಿಸಿ ಹೋದಳು. ಮರುದಿನ ಅವಳ ತಾಯಿ ತೋಟದ ಕೆಲಸ ಬಿಟ್ಟು ಶಾಲೆಗೆ ಬಂದು, ಅಂಥ ಬಟ್ಟೆ ತಮ್ಮಲ್ಲಿಲ್ಲ, ತಾವು ಅದನ್ನು ಉಡುವ ಜನವೂ ಅಲ್ಲ ಎಂದು, ತಮ್ಮದೇ ತಪ್ಪೇನೋ ಎಂಬಂತೆ, ಬರುವಷ್ಟು ಕನ್ನಡದಲ್ಲಿ ಹೇಳಿದರು. ಅವರ ಹಿರಿಯರು ಬ್ರಿಟಿಷರ ಕಾಲದಲ್ಲಿ ಇಂದಿನ ಜಾರ್ಖಂಡ್ ಸುತ್ತಿನ ಛೋಟಾ ನಾಗಪುರದಿಂದ ಅಸ್ಸಾಮಿನ ಚಹಾ ತೋಟಗಳಿಗೆ ಕೂಲಿಗೆ ಹೋದ ಆದಿವಾಸಿಗಳು. ಮನೆಯ ಮಾತು ಸಾದ್ರಿ. ಒಂದು ಮಾತು ಕೇಳಿದ್ದರೆ ತಿಳಿಯುತ್ತಿದ್ದುದನ್ನು ನಾನು ಕೇಳದೆ ಊಹಿಸಿಕೊಂಡಿದ್ದೆ. ಆ ತಾಯಿಗೆ ಅರ್ಧ ದಿನದ ಕೂಲಿ ಹೋಯಿತು.

ಉಡುಗೆ, ಅಡುಗೆಗಳ ಪ್ರದರ್ಶನದಿಂದ ಮಕ್ಕಳಿಗೆ ಸಂತೋಷ ಸಿಗುತ್ತದೆ, ಪೌರತ್ವದ ಪಾಠ ಸಿಗುವುದಿಲ್ಲ. ವೇದಿಕೆಯ ಮೇಲೆ ನಿಂತ ಮಗು ತನ್ನ ಸಮುದಾಯದ ಬೊಂಬೆಯಾಗುತ್ತದೆ, ಕೆಳಗೆ ಕುಳಿತವರು ನೋಡುಗರಾಗುತ್ತಾರೆ. ಇಬ್ಬರೂ ಕೂಡಿ ಮಾಡಬೇಕಾದ ಕೆಲಸವೊಂದು ಅಲ್ಲಿ ಇರುವುದೇ ಇಲ್ಲ. 1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 51ಎ ವಿಧಿಯು ಧರ್ಮ, ಭಾಷೆ, ಪ್ರದೇಶಗಳ ಭೇದವನ್ನು ಮೀರಿ ಸಾಮರಸ್ಯವನ್ನು ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. ‘ಬೆಳೆಸುವುದು’ ಎಂದಿರುವುದನ್ನು ಗಮನಿಸಬೇಕು. ಅದು ದುಡಿಮೆಯ ಮಾತು. ನಾವು ಪರೀಕ್ಷೆಯಲ್ಲಿ ಮೂಲಭೂತ ಕರ್ತವ್ಯಗಳನ್ನು ಪಟ್ಟಿ ಮಾಡಿರಿ ಎಂದು ಕೇಳುತ್ತೇವೆ, ಮಕ್ಕಳು ಪಟ್ಟಿ ಮಾಡುತ್ತಾರೆ, ಅಂಕವೂ ಬರುತ್ತದೆ. ಬೆಳೆಸುವ ಕೆಲಸ ಮಾತ್ರ ಯಾರ ಪಾಲಿಗೂ ಬರುವುದಿಲ್ಲ.

ಆ ಕೆಲಸ ಹೇಗಿರುತ್ತದೆ ಎಂಬುದನ್ನು ತೋರಿಸಲು ನಮ್ಮ ಜಿಲ್ಲೆಯಲ್ಲಿಯೇ ಒಂದು ಕಲ್ಲಿದೆ. ಪ್ರವಾಸಕ್ಕೆಂದು ಶ್ರವಣಬೆಳಗೊಳಕ್ಕೆ ಹೋದ ಶಾಲಾ ಮಕ್ಕಳು ವಿಂಧ್ಯಗಿರಿ ಹತ್ತಿ ಗೊಮ್ಮಟನನ್ನು ನೋಡಿ, ಇಳಿದು, ಬಸ್ಸು ಹತ್ತಿಬಿಡುತ್ತಾರೆ. ನಾನು ಮಕ್ಕಳನ್ನು ಊರೊಳಗಿನ ಭಂಡಾರಿ ಬಸದಿಗೂ ಕರೆದೊಯ್ಯುತ್ತೇನೆ. ವಿಜಯನಗರದ ಒಂದನೇ ಬುಕ್ಕರಾಯನ ಕಾಲದ, 1368ರ ಶಾಸನ ಅಲ್ಲಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಊರುಗಳ ಜೈನರು ಅರಸನಲ್ಲಿ ದೂರು ಕೊಡುತ್ತಾರೆ. ಅರಸನು ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನು ಎದುರಿಗೆ ಇಟ್ಟುಕೊಂಡು, ಜೈನರ ಕೈಯನ್ನು ಅವರ ಕೈಯಲ್ಲಿ ಹಿಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರುತ್ತಾನೆ. ಸಾಮರಸ್ಯದ ಭಾಷಣಗಳಲ್ಲಿ ಈ ಕತೆ ಇಲ್ಲಿಗೇ ಮುಗಿಯುತ್ತದೆ. ಆದರೆ ಕಲ್ಲು ಇನ್ನೂ ಹೇಳುತ್ತದೆ: ಜೈನರಿಗೆ ಪಂಚಮಹಾವಾದ್ಯ, ಕಲಶಗಳ ಹಕ್ಕು ಮೊದಲಿನಂತೆಯೇ ಇರಬೇಕು, ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ (ಹಣವೆಂದರೆ ಆಗಿನ ಒಂದು ನಾಣ್ಯ) ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು, ಇದರ ಹೊಣೆ ತಿರುಮಲೆಯ ತಾತಯ್ಯನದು, ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಮಕ್ಕಳನ್ನು ಬಸದಿಯ ಅಂಗಳದಲ್ಲಿ ಕೂರಿಸಿ, ಇದನ್ನು ಒಂದು ಕಚೇರಿಯ ಕಡತವೆಂದು ಭಾವಿಸಿ ಓದಿರಿ ಎನ್ನುತ್ತೇನೆ. ದೂರು ಯಾರದು, ವಿಚಾರಣೆಯ ವೇಳೆ ಯಾರಿದ್ದರು, ಹಣ ಎಲ್ಲಿಂದ, ಹೊಣೆ ಯಾರಿಗೆ, ಮೀರಿದರೆ ಏನು ಎಂದು ಹುಡುಕತೊಡಗಿದಾಗ, ಸಾಮರಸ್ಯವೆಂಬುದು ಸದ್ಭಾವನೆಯಷ್ಟೇ ಆಗಿರದೆ ದೂರು, ವಿಚಾರಣೆ, ಖರ್ಚು, ಕಾವಲು ಎಲ್ಲವನ್ನೂ ಬೇಡುವ ಏರ್ಪಾಡು ಎಂಬುದು ಅವರಿಗೆ ತಾನಾಗಿಯೇ ತಿಳಿಯುತ್ತದೆ. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, ‘ಅನ್ಯಾಯ ಆಗಿದ್ದು ಜೈನರಿಗೆ, ಕಾವಲಿನ ಹಣ ಕೊಟ್ಟವರೂ ಜೈನರೇ, ಇದು ಸರಿಯಾ ಮೇಡಂ?’ ಎಂದು ಕೇಳಿದ. ನಾನು ಈ ಶಾಸನವನ್ನು ವರ್ಷಗಟ್ಟಲೆ ಪಾಠ ಮಾಡಿದ್ದರೂ ನನಗೆ ಹೊಳೆಯದ ಪ್ರಶ್ನೆಯದು. ಆ ಪ್ರಶ್ನೆಯಿಂದಲೇ ಅರಸನು ಕೊಡುವ ಅಭಯಕ್ಕೂ ಸಂವಿಧಾನವು ಕೊಡುವ ಹಕ್ಕಿಗೂ ಇರುವ ವ್ಯತ್ಯಾಸಕ್ಕೆ ಬಂದೆವು. ಅಭಯಕ್ಕೆ ಬೆಲೆ ತೆರಬೇಕಾಗಬಹುದು; 14ನೇ ವಿಧಿಯು ಕೊಡುವ ಸಮಾನ ರಕ್ಷಣೆಗೆ, ರಕ್ಷಣೆ ಬೇಕಾದವರೇ ಬೆಲೆ ತೆರಬೇಕಿಲ್ಲ.

ಕಲ್ಲಿನಲ್ಲಿ ಓದಿದ್ದನ್ನು ಕೈಯಾರೆ ಮಾಡಿ ನೋಡುವ ಸಂದರ್ಭ ನಮಗೆ ಆನೆಗಳಿಂದ ಒದಗಿತು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಯ ಭಯವಿಲ್ಲದ ತೋಟವಿಲ್ಲ. ಒಂದು ಬೆಳಿಗ್ಗೆ ಲೈನ್ ಮನೆಗಳ ಕಡೆಯಿಂದ ಬರುವ ಮಕ್ಕಳು ರಸ್ತೆಯ ತಿರುವಿನಲ್ಲಿಯೇ ಆನೆಯನ್ನು ಕಂಡು ಹಿಂದಕ್ಕೆ ಓಡಿದ್ದರು. ಆ ದಿನ ಆನೆ ಅಲ್ಲಿರುವ ಸುದ್ದಿ ಬೆಳಗಿನ ಜಾವವೇ ಊರಿನವರ ಮೊಬೈಲುಗಳಿಗೆ ಬಂದಿತ್ತು, ಲೈನಿನವರಿಗೆ ತಲುಪಿರಲಿಲ್ಲ. ಯಾಕೆ ತಲುಪಲಿಲ್ಲ ಎಂದು ವಿಚಾರಿಸಲು ಒಂಬತ್ತನೇ ತರಗತಿಯ ಮಕ್ಕಳನ್ನು ಗುಂಪು ಮಾಡಿ ಕಳುಹಿಸಿದೆ. ಕೆಲವರು ಆ ವಾಟ್ಸಾಪ್ ಗುಂಪಿನಲ್ಲಿಯೇ ಇರಲಿಲ್ಲ, ಕೆಲವರಿಗೆ ಕನ್ನಡ ಓದಲು ಬಾರದು, ಕೆಲವರಿಗೆ ಯಾವ ಲಿಪಿಯೂ ಬಾರದು.

ಸಂದೇಶವನ್ನು ಧ್ವನಿಯಲ್ಲಿ, ಲೈನಿನವರ ಭಾಷೆಗಳಲ್ಲಿ ಕಳುಹಿಸಿದರೆ ಹೇಗೆ ಎಂಬುದು ಮಕ್ಕಳದೇ ಯೋಚನೆ. ತಮಿಳು, ಮಲಯಾಳ ಸುಲಭವಾಗಿ ಆದವು. ಸಾದ್ರಿಗೆ ಬಂದಾಗ, ವೇದಿಕೆಯ ಮೇಲೆ ಬೊಂಬೆಯಾಗಿ ನಿಲ್ಲಿಸಲು ನಾನು ಹೊರಟಿದ್ದೆನಲ್ಲ, ಅದೇ ಹುಡುಗಿ ಕಾಗದ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತಳು. ಕನ್ನಡದ ಸಂದೇಶದಲ್ಲಿ ‘ಸಾರ್ವಜನಿಕರು ಜಾಗರೂಕತೆಯಿಂದ ಇರತಕ್ಕದ್ದು’ ಎಂದಿತ್ತು. ಕೊನೆಗೆ ಅವಳು, ‘ಜಾಗರೂಕತೆ ಅಂದರೆ ಏನು ಮಾಡಬೇಕು ಮೇಡಂ? ಒಳಗೆ ಇರಬೇಕಾ, ಬೇರೆ ದಾರಿಯಲ್ಲಿ ಬರಬೇಕಾ?’ ಎಂದು ಕೇಳಿದಳು. ತರಗತಿಯಲ್ಲಿ ಉತ್ತರ ಯಾರಲ್ಲಿಯೂ ಇರಲಿಲ್ಲ. ಕನ್ನಡ ಬಲ್ಲ ನಾವೆಲ್ಲರೂ ಆ ಮಾತನ್ನು ಅರ್ಥವಾಯಿತೆಂದುಕೊಂಡು ಓದುತ್ತಿದ್ದೆವು; ಅದು ಏನನ್ನೂ ಹೇಳುತ್ತಿಲ್ಲ ಎಂಬುದನ್ನು ಕಂಡುಹಿಡಿಯಲು ಅದನ್ನು ಬೇರೆ ಭಾಷೆಗೆ ತರಬೇಕಾದವಳೇ ಬೇಕಾಯಿತು. ಮಕ್ಕಳು ಅರಣ್ಯ ಸಿಬ್ಬಂದಿಯನ್ನು ಕೇಳಿಕೊಂಡು ಬಂದು ಕನ್ನಡದ ಮಾತುಗಳನ್ನೇ ಹೊಸದಾಗಿ ಬರೆದರು: ಆನೆ ಯಾವ ತೋಟದಲ್ಲಿದೆ, ಯಾವ ದಾರಿ ಬಿಡಬೇಕು, ಎಷ್ಟು ಹೊತ್ತಿನವರೆಗೆ ಮನೆಯೊಳಗೆ ಇರಬೇಕು. ಅದರ ಲಾಭ ಮೊದಲು ಸಿಕ್ಕಿದ್ದು ಕನ್ನಡದ ಮನೆಗಳಿಗೆ.

ಬಹುಸಂಸ್ಕೃತಿಯ ತರಗತಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಈ ಘಟನೆಯಲ್ಲಿದೆ ಎಂದು ನಾನು ತರಬೇತಿಗೆ ಬರುವ ಶಿಕ್ಷಕರಿಗೆ ಹೇಳುತ್ತಿರುತ್ತೇನೆ. ಹೊರಗಿನಿಂದ ಬಂದ ಮಗುವನ್ನು ನಾವು ಸಾಮಾನ್ಯವಾಗಿ ಸಹಾಯ ಬೇಕಾದವಳು ಎಂದೋ ಪ್ರದರ್ಶನಕ್ಕೆ ಒದಗುವವಳು ಎಂದೋ ಕಾಣುತ್ತೇವೆ. ಊರಿನ ಎಲ್ಲರನ್ನೂ ಕಾಡುವ ಪ್ರಶ್ನೆಯೊಂದನ್ನು ಮುಂದಿಟ್ಟಾಗ, ಅವಳಿಗೆ ಮಾತ್ರ ಕಾಣುವ ಕೊರತೆಯೊಂದು ಇರುತ್ತದೆ, ಆ ಕೊರತೆಯನ್ನು ಅವಳು ಹೇಳದೆ ಊರಿನ ಕೆಲಸ ಪೂರ್ತಿಯಾಗುವುದಿಲ್ಲ. ಆ ಬಳಿಕ ಪರಸ್ಪರ ಗೌರವದ ಪಾಠವನ್ನು ನಾನು ಬೇರೆಯಾಗಿ ಮಾಡಬೇಕಾಗಲಿಲ್ಲ.

ಅದೇ ವರ್ಷದ ಮಕ್ಕಳ ಗ್ರಾಮಸಭೆಗೆ ಈ ವಿಷಯವನ್ನು ಒಯ್ಯುವುದೆಂದು ತೀರ್ಮಾನವಾಯಿತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಈ ಸಭೆ ಬೇರೆ ಕಡೆಯ ಶಿಕ್ಷಕರು ಅಸೂಯೆಪಡಬೇಕಾದಂಥ ಪಾಠದ ಸಾಧನ. ನಾವು ಅದನ್ನು ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಮುಗಿಸಿಬಿಡುತ್ತಿರುವುದು ದುಃಖದ ಸಂಗತಿ. ಸಿದ್ಧತೆಯ ಹೊತ್ತಿನಲ್ಲಿ ಒಬ್ಬ ಹುಡುಗ, ಸಾದ್ರಿ ಮಾತಿನ ಆ ಹುಡುಗಿಯ ಅಪ್ಪ ಅಮ್ಮನಿಗೆ ಇಲ್ಲಿ ಓಟಿಲ್ಲ, ಅವಳು ಗ್ರಾಮಸಭೆಯಲ್ಲಿ ಹೇಗೆ ಮಾತನಾಡುತ್ತಾಳೆ ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಪಾಠದಲ್ಲಿ ಓದಿದ್ದನ್ನೇ ಕೇಳಿದ. ಗ್ರಾಮಸಭೆಯೆಂದರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿರುವವರ ಸಭೆಯೆಂದು 1993ರ ಪಂಚಾಯತ್ ರಾಜ್ ಅಧಿನಿಯಮ ಹೇಳುವುದು ನಿಜ. ‘ನಿನಗೆ ಓಟಿದೆಯೇ?’ ಎಂದು ನಾನು ಕೇಳಿದೆ. ಇಲ್ಲ ಎಂದ. ತೋಟದ ಮಾಲೀಕರ ಮಗನಿಗೂ ಇಲ್ಲ, ತೋಟದ ಲೆಕ್ಕ ಬರೆಯುವ ರೈಟರ ಮಗಳಿಗೂ ಇಲ್ಲ, ಪಂಚಾಯಿತಿ ಸದಸ್ಯರ ಮಗನಿಗೂ ಇಲ್ಲ. 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದರೂ ಇವರೆಲ್ಲರೂ ಇನ್ನೂ ಕಾಯಬೇಕು. ಮಕ್ಕಳ ಗ್ರಾಮಸಭೆ ಓಟಿಲ್ಲದವರ ಸಭೆ, ಆದ್ದರಿಂದಲೇ ಅಲ್ಲಿ ಎಲ್ಲರೂ ಸರಿಸಮಾನರು ಎಂಬುದು ತರಗತಿಗೆ ಆಗ ಹೊಳೆಯಿತು. ಮುಂದಿನ ಎರಡು ಅವಧಿಗಳನ್ನು ನಾನು ಅದಕ್ಕೇ ಕೊಟ್ಟೆ. ದೇಶದ ಯಾವ ಭಾಗಕ್ಕಾದರೂ ಹೋಗಿ ನೆಲೆಸುವ ಸ್ವಾತಂತ್ರ್ಯವನ್ನು ಪ್ರತಿ ನಾಗರಿಕನಿಗೂ ಕೊಡುವ 19ನೇ ವಿಧಿಯನ್ನು ಓದಿದೆವು. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಓದಿದೆವು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಮಾತನ್ನು ಕೇಳಬೇಕೆನ್ನುವ, ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನೂ ಓದಿದೆವು.

ಕೂಡಿ ಮಾಡುವ ಕೆಲಸವೊಂದೇ ಸಾಲದು. ಕೂಡದ ಅಭಿಪ್ರಾಯಗಳನ್ನು ಇಟ್ಟುಕೊಂಡು ಒಂದೇ ಬೆಂಚಿನಲ್ಲಿ ಕುಳಿತಿರುವುದನ್ನೂ ಕಲಿಸಬೇಕು. 2022ರ ಫೆಬ್ರುವರಿಯಲ್ಲಿ ಹಿಜಾಬ್ ವಿವಾದದಿಂದಾಗಿ ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ಕೆಲವು ದಿನ ರಜೆ ಕೊಟ್ಟು ಮತ್ತೆ ತೆರೆದಾಗ, ಆತ್ಮೀಯರಾಗಿದ್ದ ಮಕ್ಕಳು ಬೇರೆ ಬೇರೆ ಕುಳಿತಿದ್ದರು. ಆಗ ಆ ವಿಷಯವನ್ನು ನಾನು ಎತ್ತಲಿಲ್ಲ. ಧೈರ್ಯ ಸಾಲಲಿಲ್ಲ ಎಂಬುದು ಒಂದು ಕಾರಣ. ಕಾವೇರಿದಾಗ ಚರ್ಚೆ ನಡೆಯದು, ಬರೀ ಪಕ್ಷ ಸೇರುವುದಷ್ಟೇ ನಡೆಯುತ್ತದೆ ಎಂಬುದು ಇನ್ನೊಂದು. ಆ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಪೀಠ ಭಿನ್ನ ತೀರ್ಪು ಕೊಟ್ಟಾಗ ದಾರಿ ಕಂಡಿತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅವರು ತರಗತಿಯಲ್ಲಿ ಹಿಜಾಬ್ ನಿರ್ಬಂಧವನ್ನು ಎತ್ತಿಹಿಡಿದಿದ್ದ ಹೈಕೋರ್ಟಿನ ತೀರ್ಪನ್ನು ಒಪ್ಪಿದರು, ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಅದನ್ನು ತಳ್ಳಿಹಾಕಿದರು. ಇಬ್ಬರೂ ಕುಳಿತದ್ದು ಒಂದೇ ಪೀಠದಲ್ಲಿ, ಓದಿದ್ದು ಒಂದೇ ಸಂವಿಧಾನವನ್ನು. ಇಬ್ಬರ ವಾದಗಳನ್ನೂ ಸರಳಗೊಳಿಸಿ ಮಕ್ಕಳ ಮುಂದಿಟ್ಟು, ಒಂದು ನಿಯಮ ಮಾಡಿದೆ. ಒಬ್ಬರ ಮಾತನ್ನು ಅಲ್ಲಗಳೆಯಬೇಕಾದರೆ ಮೊದಲು ಆ ಮಾತನ್ನು, ಆಡಿದವರೇ ‘ಹೌದು, ನಾನು ಹೇಳಿದ್ದು ಇದೇ’ ಎಂದು ಒಪ್ಪುವಂತೆ ಹೇಳಿ ತೋರಿಸಬೇಕು. ಅರ್ಧ ಗಂಟೆಯ ಹೊತ್ತು ಯಾರೂ ಆ ಮೊದಲ ಹಂತವನ್ನೇ ದಾಟಲಿಲ್ಲ. ನನ್ನ ಅಭಿಪ್ರಾಯವನ್ನು ಅವರು ಕೇಳಿದರು, ಹೇಳಲಿಲ್ಲ. ಶಿಕ್ಷಕರ ಅಭಿಪ್ರಾಯ ತರಗತಿಯಲ್ಲಿ ತೀರ್ಪಾಗಿಬಿಡುತ್ತದೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡವಿರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನಾನು ಎಂಟು, ಒಂಬತ್ತನೇ ತರಗತಿಗಳಲ್ಲಿಯೇ ಮಾಡಿ ಮುಗಿಸುತ್ತೇನೆ. ಸಮಯಕ್ಕಿಂತ ದೊಡ್ಡ ಅಡ್ಡಿ ಬೇರೆಡೆ ಇದೆ. ಶಾಲೆಯ ಆಡಳಿತದಲ್ಲಿ ಪೋಷಕರು ಪಾಲ್ಗೊಳ್ಳಬೇಕೆಂದು ನಾವು ಹೇಳುತ್ತೇವೆ, ಸಭೆ ಕರೆಯುವುದು ಮಾತ್ರ ಕೆಲಸದ ದಿನ ಹನ್ನೊಂದು ಗಂಟೆಗೆ. ಲೈನಿನ ತಾಯಂದಿರಿಗೆ ಅದು ಒಂದು ದಿನದ ಕೂಲಿ. ಕೂಲಿ ಕಳೆದುಕೊಂಡು ಬಂದ ಒಬ್ಬ ತಾಯಿಯನ್ನು ನೋಡಿದ ಮೇಲೆ ನಾವು ಪೋಷಕರ ಸಭೆಯನ್ನು ತೋಟದ ವಾರದ ರಜೆಗೆ ಬದಲಾಯಿಸಿದೆವು. ಬರುವವರ ಸಂಖ್ಯೆ ಹೆಚ್ಚಿದೆ.

ಗ್ರಾಮಸಭೆಯಲ್ಲಿ ಮಕ್ಕಳು ಮೂರು ಬೇಡಿಕೆ ಇಟ್ಟಿದ್ದರು. ಧ್ವನಿ ಸಂದೇಶಗಳಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅಂದೇ ಒಪ್ಪಿದರು. ಆನೆ ದಾಟುವ ಮೂರು ಜಾಗಗಳಲ್ಲಿ ಚಿತ್ರವಿರುವ ಫಲಕ ಹಾಕಿರೆಂಬ ಬೇಡಿಕೆಯಲ್ಲಿ ಎರಡು ಫಲಕ ಬಂದಿವೆ, ಮೂರನೆಯದು ಬಂದಿಲ್ಲ. ಬೆಳಗಿನ ಬಸ್ಸಿನ ವೇಳೆ ಬದಲಾಗಲಿಲ್ಲ. ಯಾವ ದಿನ, ಯಾರಿಗೆ ಬರೆದೆವು, ಏನು ಉತ್ತರ ಬಂತು ಎಂಬುದನ್ನೆಲ್ಲ ಬರೆದಿಡಲು ಮಕ್ಕಳು ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದಾರೆ. ಸಾದ್ರಿ ಮಾತಿನ ಆ ಹುಡುಗಿಯ ಕುಟುಂಬ ಮರುವರ್ಷ ಕೊಡಗಿನ ತೋಟವೊಂದಕ್ಕೆ ಹೋಯಿತು. ವರ್ಗಾವಣೆ ಪತ್ರ ಪಡೆಯಲು ಬಂದ ದಿನ ಅವಳು ನೋಟ್‌ಬುಕ್ಕನ್ನು ಕೇಳಿ ಪಡೆದು, ಮೂರನೇ ಫಲಕದ ಎದುರಿಗೆ ‘ಬಾಕಿ’ ಎಂದು ಬರೆದು, ತಾರೀಕು ಹಾಕಿ, ಕೆಳಗೆ ಸಹಿ ಮಾಡಿ ಹೋದಳು. ಈ ಜೂನ್‌ನಲ್ಲಿ ಎಂಟನೇ ತರಗತಿಗೆ ಬಂದವರಲ್ಲಿ ಇಬ್ಬರ ಮನೆಮಾತು ಬಂಗಾಳಿ. ಧ್ವನಿ ಸಂದೇಶಗಳಿಗೆ ಅದನ್ನೂ ಸೇರಿಸಬೇಕೆಂದು ಒಂಬತ್ತನೆಯವರು ಪಂಚಾಯಿತಿಗೆ ಅರ್ಜಿ ಬರೆಯುತ್ತಿದ್ದಾರೆ. ಮೂರನೇ ಫಲಕದ ನೆನಪೋಲೆಯನ್ನೂ ಅದರ ಜೊತೆಯಲ್ಲಿಯೇ ಕಳುಹಿಸಲಿದ್ದಾರೆ.