‘ಬಿಕಾಸ್’ನಿಂದ ಶುರುವಾದ ವಾಕ್ಯಕ್ಕೆ ಕೆಂಪು ಗೆರೆ ಯಾಕೆ?

ಪ್ರಶ್ನೆ: ಸಿಂಧನೂರಿನಲ್ಲಿ ಬಿ.ಎ. ಓದುತ್ತಿದ್ದೇನೆ. ‘ಐ ಮಿಸ್ಡ್ ದ ಫಸ್ಟ್ ಕ್ಲಾಸ್. ಬಿಕಾಸ್ ದ ಬಸ್ ಕೇಮ್ ಲೇಟ್.’ ಎಂದು ಬರೆದರೆ ಎರಡನೆಯದು ‘ಫ್ರ್ಯಾಗ್ಮೆಂಟ್’ (ಅಪೂರ್ಣ ವಾಕ್ಯ, ತುಣುಕು) ಎಂದು ಅಂಕ ಕಳೆಯುತ್ತಾರೆ. ಅದರಲ್ಲಿ ಕರ್ತೃವೂ ಇದೆ, ಕ್ರಿಯಾಪದವೂ ಇದೆ. ಮತ್ತೆ ತಪ್ಪೆಲ್ಲಿ?

ಉತ್ತರ: ತಪ್ಪು ‘ಬಿಕಾಸ್’ಗೆ ಮುಂಚಿನ ಚುಕ್ಕೆಯಲ್ಲಿದೆ. ‘ಮೊದಲ ಕ್ಲಾಸ್ ತಪ್ಪಿತು. ಯಾಕಂದ್ರ ಬಸ್ ಲೇಟಾಗಿ ಬಂತು’ ಎಂದರೆ ಕನ್ನಡದಲ್ಲಿ ಎರಡೂ ಪೂರ್ಣ ವಾಕ್ಯಗಳೇ. ಆದರೆ ಇಂಗ್ಲಿಷಿನ ‘ಬಿಕಾಸ್’ ನಡೆದುಕೊಳ್ಳುವುದು ನಮ್ಮ ‘ಯಾಕಂದ್ರ’ ಹಾಗಲ್ಲ, ‘ಬಂದಿದ್ದರಿಂದ’ ಎಂಬುದರ ಕೊನೆಯ ‘ಇಂದ’ದ ಹಾಗೆ. ‘ಬಸ್ ಲೇಟಾಗಿ ಬಂದಿದ್ದರಿಂದ’ ಎಂದು ಹೇಳಿ ಯಾರಾದರೂ ಸುಮ್ಮನಾದರೆ ‘ಮುಂದೇನಾತು?’ ಎಂದು ಕೇಳುತ್ತೀರಲ್ಲ, ಇಂಗ್ಲಿಷ್ ಓದುವವರಿಗೂ ಹಾಗೇ ಅನಿಸುತ್ತದೆ.

ರಿಪೇರಿ ಸುಲಭ. ಚುಕ್ಕೆ ತೆಗೆದು ಎರಡನ್ನೂ ಕೂಡಿಸಿ: ‘ಐ ಮಿಸ್ಡ್ ದ ಫಸ್ಟ್ ಕ್ಲಾಸ್ ಬಿಕಾಸ್ ದ ಬಸ್ ಕೇಮ್ ಲೇಟ್.’ ಕಾರಣವನ್ನು ಮುಂದೆ ತಂದರೆ ನಡುವೆ ಅಲ್ಪವಿರಾಮ ಹಾಕಿ: ‘ಬಿಕಾಸ್ ದ ಬಸ್ ಕೇಮ್ ಲೇಟ್, ಐ ಮಿಸ್ಡ್ ದ ಫಸ್ಟ್ ಕ್ಲಾಸ್.’ ‘ಬಿಕಾಸ್’ನಿಂದ ವಾಕ್ಯ ಶುರು ಮಾಡಲೇಬಾರದು ಎಂದು ಕೆಲವರು ಹೇಳಿಕೊಡುತ್ತಾರೆ, ಅದು ನಿಯಮವಲ್ಲ, ಅತಿ ಎಚ್ಚರಿಕೆ ಅಷ್ಟೆ.

‘ವೆನ್’, ‘ಇಫ್’, ‘ಆಲ್ದೋ’, ‘ಅನ್‌ಲೆಸ್’ ಕೂಡ ಇದೇ ಜಾತಿಯವು. ‘ವೆನ್ ದ ನೈನ್‌ಟೀನ್ತ್ ಗೇಟ್ ಆಫ್ ದ ತುಂಗಭದ್ರಾ ಡ್ಯಾಮ್ ವಾಸ್ ವಾಷ್ಡ್ ಅವೇ ಇನ್ ಆಗಸ್ಟ್ 2024.’ ಇಷ್ಟುದ್ದ ಇದ್ದರೂ ತುಣುಕೇ. ‘ಇಟ್ ರೇನ್ಡ್.’ ಎರಡೇ ಪದ, ಪೂರ್ಣ ವಾಕ್ಯ. ಉದ್ದ ನೋಡಿ ಮೋಸಹೋಗಬೇಡಿ. ‘ವಿಚ್’ ಕೂಡ ಹಿಂದಿನ ವಾಕ್ಯಕ್ಕೆ ಅಂಟಿಕೊಂಡೇ ಇರಬೇಕು: ‘ವಿ ವೆಂಟ್ ಟು ಕಿನ್ನಾಳ, ವಿಚ್ ಈಸ್ ಫೇಮಸ್ ಫಾರ್ ವುಡನ್ ಟಾಯ್ಸ್.’ ಪ್ರಶ್ನೆ ಕೇಳುವಾಗಿನ ‘ವೆನ್’, ‘ವಿಚ್’ ಬೇರೆ ಮಾತು.

ಇನ್ನೊಂದು ಬಗೆಯ ತುಣುಕಿನಲ್ಲಿ ಕ್ರಿಯಾಪದ ಇದ್ದಂತೆ ಕಾಣುತ್ತದೆ, ಇರುವುದಿಲ್ಲ. ‘ಫಾರ್ಮರ್ಸ್ ಇನ್ ಗಂಗಾವತಿ ಗ್ರೋಯಿಂಗ್ ಪ್ಯಾಡಿ.’ ಇದಕ್ಕೆ ‘ನಿನ್ನೆ’, ‘ಈಗ’ ಎಂದು ಹಚ್ಚಿ ನೋಡಿ. ‘ಗ್ರೋಯಿಂಗ್’ ಬದಲಾಗುವುದಿಲ್ಲ, ಅಂದರೆ ಕಾಲ ತೋರಿಸುವ ಕ್ರಿಯಾಪದ ಇಲ್ಲ. ‘ಆರ್ ಗ್ರೋಯಿಂಗ್’ ಎಂದು ಬರೆದರೆ ನಿನ್ನೆಗೆ ಅದು ‘ವರ್ ಗ್ರೋಯಿಂಗ್’ ಆಗುತ್ತದೆ. ‘ನಮ್ಮೂರು ಮಾನ್ವಿ’ ಎಂಬುದಕ್ಕೆ ಕನ್ನಡದಲ್ಲಿ ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ ‘ಈಸ್’ ಬಿಟ್ಟರೆ ವಾಕ್ಯ ನಿಲ್ಲದು. ‘ನಿನ್ನೆ ಬಂದೆನು’ ಎಂದಾಗ ಬಂದವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ. ‘ಕೇಮ್’ ಹೇಳುವುದಿಲ್ಲ, ‘ಐ’ ಬರೆಯಲೇಬೇಕು. ಆಜ್ಞೆಗೆ ಮಾತ್ರ ವಿನಾಯಿತಿ: ‘ಕ್ಲೋಸ್ ದ ಡೋರ್.’ ಪೂರ್ಣ ವಾಕ್ಯ, ‘ಯು’ ಒಳಗೇ ಅಡಗಿದೆ.

ಅತಿ ಹೆಚ್ಚು ಕಾಣುವ ತುಣುಕು ರಜೆಯ ಅರ್ಜಿಯಲ್ಲಿರುತ್ತದೆ: ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್. ಸೋ ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್.’ ಇಲ್ಲಿ ‘ಆಸ್’ ಮತ್ತು ‘ಸೋ’ ಎರಡೂ ಒಂದೇ ಕೆಲಸಕ್ಕೆ ನಿಂತಿವೆ. ‘ಆಸ್’ ಉಳಿಸಿಕೊಂಡರೆ ಚುಕ್ಕೆಯ ಜಾಗದಲ್ಲಿ ಅಲ್ಪವಿರಾಮ ಬರಲಿ, ‘ಸೋ’ ಹೋಗಲಿ. ‘ಸೋ’ ಬೇಕೆಂದರೆ ‘ಐ ಆಮ್ ಸಫರಿಂಗ್…’ ಎಂದೇ ಶುರು ಮಾಡಿ.

ತುಣುಕಿಗೆ ಹೆದರಿ ಕಂಡಲ್ಲೆಲ್ಲ ಅಲ್ಪವಿರಾಮ ಹಾಕಿದರೆ ಎದುರುಬದಿಯ ತಪ್ಪಾಗುತ್ತದೆ. ‘ದ ಬಸ್ ಕೇಮ್ ಲೇಟ್, ಐ ಮಿಸ್ಡ್ ದ ಕ್ಲಾಸ್.’ ಇವು ಎರಡು ಪೂರ್ಣ ವಾಕ್ಯಗಳು. ಬರೀ ಅಲ್ಪವಿರಾಮ ಅವನ್ನು ಹಿಡಿದಿಡದು, ‘ಸೋ’ ಕೂಡ ಬೇಕು.

ಉತ್ತರ ಬರೆದಾದ ಮೇಲೆ ಕೊನೆಯ ವಾಕ್ಯದಿಂದ ಹಿಂದಕ್ಕೆ ಒಂದೊಂದಾಗಿ ಓದಿ. ಮೇಲಿಂದ ಓದಿದರೆ ಹಿಂದಿನ ವಾಕ್ಯದ ಅರ್ಥ ತುಣುಕಿಗೂ ಹರಿದುಬಂದು ತಪ್ಪು ಮುಚ್ಚಿಹೋಗುತ್ತದೆ. ಪ್ರತಿಯೊಂದರ ಮುಂದೆ ‘ಐ ಥಿಂಕ್ ದಟ್’ ಸೇರಿಸಿ. ‘ಐ ಥಿಂಕ್ ದಟ್ ದ ಬಸ್ ಕೇಮ್ ಲೇಟ್’ ನಿಲ್ಲುತ್ತದೆ. ‘ಐ ಥಿಂಕ್ ದಟ್ ಬಿಕಾಸ್ ದ ಬಸ್ ಕೇಮ್ ಲೇಟ್’ ನೇತಾಡುತ್ತದೆ. ಪ್ರಶ್ನೆ, ಆಜ್ಞೆಗಳಿಗೆ ಈ ಪರೀಕ್ಷೆ ಸಲ್ಲದು.

ಮಾತಿನಲ್ಲಿ, ಜಾಹೀರಾತಿನಲ್ಲಿ, ಶೀರ್ಷಿಕೆಯಲ್ಲಿ ತುಣುಕು ತಪ್ಪಲ್ಲ. ‘ವೈ ಆರ್ ಯು ಲೇಟ್?’ ಎಂದು ಕೇಳಿದವರಿಗೆ ‘ಬಿಕಾಸ್ ದ ಬಸ್ ಕೇಮ್ ಲೇಟ್’ ಎಂದರೆ ಸಾಕು. ಪರೀಕ್ಷೆಯಲ್ಲಿ ಒಂದು ಅಂಕದ ‘ವೈ’ ಪ್ರಶ್ನೆ ಬಂದರೆ ಮಾತ್ರ ‘ಶಿ ವಾಸ್ ಲೇಟ್ ಬಿಕಾಸ್…’ ಎಂದು ಪೂರ್ತಿಯಾಗಿ ಬರೆಯಿರಿ; ಹೆಚ್ಚಿಗೆ ಬೇಕಾಗುವುದು ಮೂರು ಪದ.